ತೊಗರಿಯ ಜೊತೆಗಿಟ್ಟ ಗಂಧ

ಮುದ್ದೇಬಿಹಾಳ
2 ಫೆಬ್ರುವರಿ 2003

ಸಿದ್ದಾರೂಢ ಅವರಿಗೆ ಸುನಂದಾಳ ನಮಸ್ಕಾರಗಳು.

ಎರಡು ದಿನ ಇಂಡಿಯಲ್ಲಿದ್ದು ಸುಖವಾಗಿ ಬಂದು ತಲುಪಿದೆ. ಫೋನ್ ಮಾಡಲಿಲ್ಲವೆಂದು ಮುನಿಸಿಕೊಳ್ಳಬೇಡಿ. ಬೂತಿನ ಬಸಂತರಾಯ ನನ್ನನ್ನು ಕಂಡೊಡನೆ "ಇಂಡಿಗೆ ಹಚ್ಚಲೇನ್ರಿ ಮೇಡಂ?" ಎಂದು ತಾನೇ ನಂಬರು ಒತ್ತುತ್ತಾನೆ. ಆಮೇಲೆ ಮಾತು ಮುಗಿಯುವ ತನಕ ಅವನ ಕಿವಿ ನಮ್ಮ ಸಂಸಾರದಲ್ಲೇ ಇರುತ್ತದೆ. ನಾನು ಈ ಊರಿನ ಕಾಲೇಜಿಗೆ ವರ್ಗವಾಗಿ ಬಂದ ಮೇಲೆ ನಮ್ಮ ನರ್ಸರಿಯ ಲಿಂಬೆ ಸಸಿಯ ದರ ಇಲ್ಲಿ ಓಣಿ ಓಣಿಗೆ ಗೊತ್ತಾಗಿದ್ದು ಹೀಗೆ. ಪತ್ರವೇ ವಾಸಿ.

ದಾರಿಯಲ್ಲಿ ಗೊಳಸಂಗಿಗೆ ಇಳಿದು ಅಪ್ಪನನ್ನು ನೋಡಿಕೊಂಡು ಬಂದೆ. ಆರಾಮ ಇದ್ದಾನೆ. ಮೊಣಕಾಲು ನೋವೆಂದು ಹೊಲದ ಕಡೆ ಹೋಗುವುದನ್ನು ಮಾತ್ರ ಬಿಟ್ಟಿದ್ದಾನೆ. ಹೊಲವನ್ನು ಈಗ ಗುರಲಿಂಗಪ್ಪ ಅಣ್ಣನೇ ನೋಡಿಕೊಳ್ಳುತ್ತಾನೆ. ಹೊರಡುವಾಗ ಅಪ್ಪ ನನ್ನ ಚೀಲ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದ. ಬಸ್ಸು ಬಂದ ಮೇಲೆ ಕೇಳಿದ: "ನನ್ನ ಗಿಡದ ಮರಿ, ಮುಂಗಾರಿಗೆ ಒಂದರೆ ತರ್ತೀಯಿಲ್ಲವ್ವಾ?" ಒಂದೇಕೆ, ಹತ್ತು ತರುತ್ತೇನೆ ಎಂದೆ.

ಆದ್ದರಿಂದ ಆ ಗಂಧದ ಚೀಲಗಳ ಮೇಲೆ ನಿಗಾ ಇರಲಿ. ಅಪ್ಪನ ಗಂಧದ ಗಿಡದ ಬೀಜಗಳನ್ನು ದೀಪಾವಳಿ ರಜೆಯಲ್ಲಿ ಮಡಿಯಲ್ಲಿ ಊರಿ, ಎದ್ದ ಸಸಿಗಳನ್ನು ಸಂಕ್ರಾಂತಿಗೆ ಬಂದಾಗ ಚೀಲಗಳಿಗೆ ಹಾಕಿ ತಾಯಿ ಲಿಂಬೆಯ ಗಿಡದ ಹತ್ತಿರ ಸಾಲಾಗಿ ಇಟ್ಟಿದ್ದೇನೆ. ಬೆಳಿಗ್ಗೆ ಒಮ್ಮೆ ನೀರು ಕೊಡಿ. ಇನ್ನೇನೂ ಬೇಡ. ಲಿಂಬೆಗೆ ನೀವು ಗುರುಗಳು, ಒಪ್ಪಿದೆ. ಗಂಧದ ವಿಷಯದಲ್ಲಿ ಇತಿಹಾಸದ ಪ್ರೊಫೆಸರು ದಯವಿಟ್ಟು ಕೈ ಕಟ್ಟಿಕೊಂಡು ಇರಬೇಕು.

ರಾತ್ರಿ ಅನ್ನ ಬಿಟ್ಟು ರೊಟ್ಟಿ ತಿನ್ನುತ್ತಿದ್ದೀರಿ ತಾನೆ?

ನಿಮ್ಮ
ಸುನಂದಾ

~

ಇಂಡಿ
17 ಫೆಬ್ರುವರಿ 2003

ಪ್ರೀತಿಯ ಸುನಂದಾ,

ರೊಟ್ಟಿ ತಿನ್ನುತ್ತಿದ್ದೇನೆ. ನೀನು ಕೇಳುವುದಿಲ್ಲವೆಂದು ಗೊತ್ತಿದ್ದ ದಿನ ಅನ್ನವನ್ನೂ ತಿನ್ನುತ್ತೇನೆ.

ನರ್ಸರಿ ಜೋರಾಗಿ ನಡೆದಿದೆ. ಹೊರ್ತಿಯಿಂದ ಇಬ್ಬರು ರೈತರು ಬಂದು ಲಿಂಬೆ ಸಸಿ ನೋಡಿ ಹೋದರು. ಅವರಲ್ಲೊಬ್ಬ ನನ್ನ ಕೈಯಲ್ಲಿನ ಮಣ್ಣು ನೋಡಿ, ಕಾಲೇಜಿನಲ್ಲಿ ಪಗಾರ ಸರಿಯಾಗಿ ಕೊಡುವುದಿಲ್ಲವೇನೋ ಎಂದು ಬಹಳ ಮರುಗಿದ. ನಾನು ಅವನ ಮರುಕವನ್ನು ಕೆಡಿಸಲಿಲ್ಲ.

ಇನ್ನು ನಿನ್ನ ಗಂಧ. ಕೈ ಕಟ್ಟಿಕೊಂಡು ಇರಬೇಕೆಂದು ಅಪ್ಪಣೆ ಮಾಡಿದ್ದೀ, ಆದರೆ ಒಕ್ಕಲಿಗನ ಮಗನ ಕೈ ಅದು, ಎಷ್ಟು ದಿನ ಕಟ್ಟಿಕೊಂಡಿರುತ್ತದೆ? ಸಸ್ಯಶಾಸ್ತ್ರದ ಮೇಡಂ ಮಣ್ಣು ತುಂಬುವಾಗ ಎತ್ತ ನೋಡುತ್ತಿದ್ದರೋ! ಹೊರ್ತಿಯ ತೊಗರಿ ಹೊಲದ ಮಣ್ಣು ಅದು. ಒಂದು ಚೀಲವನ್ನೂ ಬಿಡದೆ ಗಂಧದ ಮಗ್ಗುಲಿಗೆ ತೊಗರಿ ಎದ್ದು, ಗಂಧಕ್ಕಿಂತ ಎತ್ತರ ನಿಂತುಬಿಟ್ಟಿತ್ತು. ನಮ್ಮಪ್ಪ ಜೋಳದ ಸಾಲಿನಲ್ಲಿ ಒಂದು ಕಸ ಉಳಿದರೂ ನನ್ನನ್ನು ಊಟಕ್ಕೆ ಕೂಡಗೊಡುತ್ತಿರಲಿಲ್ಲ. ನಿನ್ನೆ ಭಾನುವಾರ ಬೆಳಿಗ್ಗೆಯಿಂದ ಕುರ್ಪಿ ಹಿಡಿದು ಕುಳಿತು ಅಷ್ಟನ್ನೂ ಬೇರುಸಹಿತ ಕಿತ್ತು ಪಕ್ಕದ ಮನೆಯ ಆಡಿಗೆ ಹಾಕಿದೆ. ಈಗ ಒಂದು ಚೀಲಕ್ಕೆ ಒಂದೇ ಗಿಡ. ನೋಡಿದರೆ ಕಣ್ಣಿಗೆ ತಂಪು.

ಬಂದಾಗ ಬೆನ್ನಿಗೆ ಎಣ್ಣೆ ಹಚ್ಚಬೇಕಾಗುತ್ತದೆ. ಅದು ನನ್ನ ಕೂಲಿ.

ನಿನ್ನ
ಸಿದ್ದಾರೂಢ

~

ಮುದ್ದೇಬಿಹಾಳ
21 ಫೆಬ್ರುವರಿ 2003

ಸಿದ್ದಾರೂಢ ಅವರಿಗೆ,

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಕುಳಿತು ಓದುತ್ತಿದ್ದವಳು ಎದ್ದು ನಿಂತುಬಿಟ್ಟೆ. ಎಲ್ಲರೂ ಏನಾಯಿತೆಂದು ಕೇಳಿದರು.

ಆ ತೊಗರಿ ತಾನಾಗಿ ಎದ್ದದ್ದಲ್ಲ. ಚೀಲಕ್ಕೊಂದರಂತೆ ನಾನೇ ಊರಿದ ಕಾಳು ಅದು. ಗಂಧದ ಸಸಿಗೆ ಸ್ವಂತದ ಬೇರು ಇರುತ್ತದೆ, ಆದರೆ ಆ ಬೇರಿನಿಂದಷ್ಟೇ ಅದು ಬದುಕುವುದಿಲ್ಲ. ಮಣ್ಣಿನೊಳಗೆ ತಡಕಾಡಿ ಪಕ್ಕದ ಗಿಡದ ಬೇರನ್ನು ಹಿಡಿದು, ಅಲ್ಲಿಂದ ನೀರು, ಸತ್ವ ಹೀರಿಕೊಳ್ಳುತ್ತದೆ. ಜೊತೆಗೆ ಯಾರೂ ಸಿಗದಿದ್ದರೆ ಕೆಲವು ದಿನ ಹಸಿರಾಗಿದ್ದು ಆಮೇಲೆ ಹಳದಿಯಾಗಿ ಒಣಗುತ್ತದೆ. ನೀವು ಕಿತ್ತದ್ದು ಅವುಗಳ ಊಟದ ತಟ್ಟೆಯನ್ನು.

ಪ್ರತಿ ವರ್ಷ ಕಾಲೇಜಿನ ಹುಡುಗರಿಗೆ ಈ ಪಾಠ ಹೇಳುತ್ತೇನೆ. ನಿಮಗೆ ಹೇಳಲಿಲ್ಲ. ಬಸ್ಸಿನ ಗಡಿಬಿಡಿ ಒಂದು, ನಿಮಗೆ ತೊಗರಿ ಕಂಡರೆ ಸುಮ್ಮನಿರುತ್ತೀರಿ ಎಂಬ ಮೂರ್ಖ ನಂಬಿಕೆ ಇನ್ನೊಂದು.

ಪತ್ರ ಕೈಗೆ ಸಿಕ್ಕ ದಿನವೇ ಚೀಲಗಳಲ್ಲಿ ಮತ್ತೆ ತೊಗರಿ ಊರಿ. ಅಂಚಿನಲ್ಲಿ ಊರಿ, ಬೇರು ಕೆದಕಬೇಡಿ. ನೆರಳಿಗೆ ಚಪ್ಪರ ಹಾಕಿ. ಒಂದೂ ಹೋಗಬಾರದು. ಹೇಗಿವೆ ಎಂದು ತಕ್ಷಣ ಬರೆಯಿರಿ.

ಸುನಂದಾ

~

ಇಂಡಿ
14 ಮಾರ್ಚ್ 2003

ಪ್ರೀತಿಯ ಸುನಂದಾ,

ತಡವಾಯಿತು. ಪರೀಕ್ಷೆ ಹತ್ತಿರ ಬಂದಿದೆ, ಪಾಠ ಮುಗಿದಿಲ್ಲ. ಆದಿಲಶಾಹಿಗಳು ಇನ್ನೂ ಕೋಟೆ ಕಟ್ಟುತ್ತಲೇ ಇದ್ದಾರೆ.

ನೀನು ಹೇಳಿದ ಹಾಗೆ ತೊಗರಿ ಊರಿದೆ, ಚಪ್ಪರವನ್ನೂ ಹಾಕಿದೆ. ಎಲ್ಲ ಸರಿಯಿದೆ. ಬಿಸಿಲಿಗೆ ಎಲೆ ಒಂದಿಷ್ಟು ಹಳದಿಯಾಗಿವೆ, ಅಷ್ಟೇ. ನಿನ್ನ ಪತ್ರ ಓದಿದ ಮೇಲೆ ನನಗೆ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ರಾಜರು ತಮ್ಮದೆಂದು ಕಾವಲಿಟ್ಟ ಮರ, ದೇವರ ಹಣೆಗೇರುವ ಮರ, ನಮ್ಮ ತೊಗರಿಯ ಮನೆಯಲ್ಲಿ ಉಂಡು ಬೆಳೆಯುತ್ತದೆ ಎಂದರೆ! ಇಷ್ಟು ವರ್ಷ ಒಬ್ಬ ಇತಿಹಾಸಕಾರನೂ ಇದನ್ನು ನನಗೆ ಹೇಳಲಿಲ್ಲ ನೋಡು.

ಇಷ್ಟಕ್ಕೂ ನೀನು ಯಾಕೆ ಅಷ್ಟು ಗಾಬರಿಯಾಗುತ್ತೀ? ಒಂದೆರಡು ಹೋದವು ಎಂದೇ ಇಟ್ಟುಕೋ. ಮಾವನ ಗಿಡ ಗೊಳಸಂಗಿಯ ಬದುವಿನ ಮೇಲೆ ಗಟ್ಟಿಯಾಗಿ ನಿಂತಿದೆ. ವರ್ಷಕ್ಕೆ ಎರಡು ಸಲ ಹಣ್ಣು ಬಿಡುತ್ತದೆ. ಮುಂದಿನ ತಿಂಗಳು ಹೋದಾಗ ಒಂದು ಬೊಗಸೆ ಬೀಜ ತಾ, ಹೊಸದಾಗಿ ಹಾಕೋಣ. ಅಂದ ಹಾಗೆ, ದೀಪಾವಳಿ ಹೊತ್ತಿಗೆ ಆ ಗಿಡದ ಬಗ್ಗೆ ನಾನು ವಾರಪತ್ರಿಕೆಗೆ ಬರೆದಿದ್ದೆನಲ್ಲ, ಅದನ್ನು ಓದಿದವರು ಈಗಲೂ ಸಿಕ್ಕಲ್ಲಿ ಮಾತಾಡಿಸುತ್ತಾರೆ. ನಿನ್ನೆ ಬ್ಯಾಂಕಿನಲ್ಲಿ ಒಬ್ಬರು ಮಾವನ ಆರೋಗ್ಯ ಕೇಳಿದರು. ಮಾವನಿಗೆ ಹೇಳು, ಹಿಗ್ಗಿಯಾರು.

ಯುಗಾದಿಗೆ ಬಾ. ಬೇವು ನಾನು ತಂದಿಡುತ್ತೇನೆ, ಬೆಲ್ಲ ನೀನು ತಾ.

ನಿನ್ನ
ಸಿದ್ದಾರೂಢ

~

ಇಂಡಿ
6 ಏಪ್ರಿಲ್ 2003

ಸುನಂದಾ,

ಯುಗಾದಿ ಬಂತು, ಹೋಯಿತು. ನೀನು ಬರಲಿಲ್ಲ, ಪತ್ರವೂ ಬರಲಿಲ್ಲ. ಬಸಂತರಾಯನ ಬೂತಿಗೆ ಫೋನ್ ಮಾಡಿದೆ. ಮೇಡಂ ದಿನಾ ಕಾಲೇಜಿಗೆ ಹೋಗುತ್ತಾರೆ, ಬೂತಿನ ಕಡೆ ಮಾತ್ರ ತಿರುಗಿ ನೋಡುತ್ತಿಲ್ಲ ಎಂದ. ಅವನ ದನಿಯಲ್ಲೂ ನನ್ನ ಮೇಲೆ ಸಿಟ್ಟಿತ್ತು.

ನಾನು ಸುಳ್ಳು ಬರೆದಿದ್ದೆ, ನಿನಗೆ ಅದು ಗೊತ್ತಾಗಿದೆ. ಅದಕ್ಕೇ ಈ ಮೌನ ಎಂದು ತಿಳಿದಿದ್ದೇನೆ. ಸರಿಯಿದೆ ಎಂದು ನಾನು ಬರೆಯುವ ಹೊತ್ತಿಗೇ ಅರ್ಧ ಚೀಲಗಳ ಸಸಿ ತಲೆ ಬಾಗಿಸಿದ್ದವು. ಹೊಸ ತೊಗರಿ ಚಿಗುರಿ ಬೇರು ಬಿಡುವ ತನಕ ಅವು ಕಾಯಲಿಲ್ಲ. ಈಗ ಸಾಲಿನಲ್ಲಿ ತೊಗರಿ ಹಸಿರಾಗಿದೆ, ಗಂಧ ಒಣಗಿ ಕಡ್ಡಿಯಾಗಿದೆ. ದಿನಾ ಬೆಳಿಗ್ಗೆ ಆ ಕಡ್ಡಿಗಳಿಗೆ ನೀರು ಹಾಕುತ್ತೇನೆ. ನಾಚಿಕೆ ಅನ್ನಿಸುತ್ತದೆ, ಆದರೂ ಹಾಕುತ್ತೇನೆ.

ಬೈದು ಒಂದು ಪತ್ರ ಬರೆ. ಬೈಗುಳವಾದರೂ ಬರಲಿ.

ಸಿದ್ದಾರೂಢ

~

ಮುದ್ದೇಬಿಹಾಳ
11 ಏಪ್ರಿಲ್ 2003

ಸಿದ್ದಾರೂಢ ಅವರಿಗೆ,

ನನಗೆ ಸಿಟ್ಟು ಬಂದಿರಲಿಲ್ಲ. ಬರೆಯಲು ಕುಳಿತಾಗಲೆಲ್ಲ ನಿಮ್ಮ ಆ ಒಂದು ಮಾತು ಎದುರಿಗೆ ಬರುತ್ತಿತ್ತು. ಮಾವನ ಗಿಡ ಗಟ್ಟಿಯಾಗಿ ನಿಂತಿದೆ ಎಂದು ಬರೆದಿದ್ದಿರಿ.

ಅದು ನಿಂತಿಲ್ಲ. ಸಂಕ್ರಾಂತಿ ಮುಗಿದ ಮೇಲೆ, ನಾನು ಚೀಲ ತುಂಬಿಟ್ಟು ಇಂಡಿಯಿಂದ ಬಂದ ವಾರದಲ್ಲೇ, ಕಳ್ಳರು ಅದನ್ನು ಕೊಯ್ದುಕೊಂಡು ಹೋದರು. ಬೇರಿನಲ್ಲೂ ಎಣ್ಣೆ ಇರುತ್ತದಲ್ಲ, ಬುಡವನ್ನೂ ಅಗೆದು ಒಯ್ದಿದ್ದಾರೆ. ಬದುವಿನ ಮೇಲೆ ಈಗ ಇರುವುದು ಒಂದು ತಗ್ಗು. ಅಪ್ಪನಿಗೆ ಮೊಣಕಾಲು ನೋವಿಲ್ಲ. ಆ ತಗ್ಗು ನೋಡಿದ ದಿನದಿಂದ ಅವನು ಹೊಲಕ್ಕೆ ಇಳಿದಿಲ್ಲ. ಹುಟ್ಟಿದಂದಿನಿಂದ ದಿನಾ ಹೊಲ ತುಳಿದ ಮನುಷ್ಯ ಈಗ ಬೆಳಗಾದರೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡುತ್ತಾನೆ. ಅಣ್ಣ ಹೊಲದ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾನೆ.

ನಿಮಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ನಿಮ್ಮ ಲೇಖನದಲ್ಲಿ ಊರಿನ ಹೆಸರಿತ್ತು, ಅಪ್ಪನ ಹೆಸರಿತ್ತು, ಬಾವಿಯ ದಾರಿ ಹಿಡಿದು ಹೋದರೆ ಮೂಡಣ ಬದುವಿನ ಮೇಲೆ ಎಂದೂ ಇತ್ತು. ಅದನ್ನು ಓದಿಯೇ ಬಂದರೆಂದು ಊರಲ್ಲಿ ಕೆಲವರು ಅನ್ನುತ್ತಾರೆ. ಇದ್ದೀತು, ಇಲ್ಲದಿದ್ದೀತು. ಅಪ್ಪ ಮಾತ್ರ ನನ್ನನ್ನು ಕೂಡಿಸಿಕೊಂಡು ಹೇಳಿದ: "ಅಳಿಯಂದ್ರಿಗೆ ಹೇಳಬ್ಯಾಡವ್ವಾ. ಬರಿಯೂದು ಬಿಟ್ಟುಬಿಟ್ಟಾರು." ಆ ಲೇಖನವನ್ನು ಅಣ್ಣನ ಕೈಯಲ್ಲಿ ಓದಿಸಿ ಓದಿಸಿ ಕೇಳಿದವನು ಅವನು. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ.

ಹಾಗಾಗಿ ನಾನು ಬಾಯಿ ಮುಚ್ಚಿಕೊಂಡೆ. ನಿಮ್ಮ ಹತ್ತಿರ ಇದ್ದ ಆ ಚೀಲಗಳು ಬದುಕಿದರೆ ಸಾಕು, ಹೇಳುವ ಪ್ರಸಂಗವೇ ಬರುವುದಿಲ್ಲ ಎಂದುಕೊಂಡೆ. ಅಪ್ಪ ಪ್ರತಿ ಸಲ ಎಷ್ಟು ಎಲೆ ಬಿಟ್ಟವು ಎಂದು ಕೇಳುತ್ತಾನೆ. ನಾನು ಏನೋ ಒಂದು ಹೇಳುತ್ತೇನೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಲ ಇನ್ನೂ ಎರಡು ಕೂಡಿಸಿ ಕೇಳುತ್ತಾನೆ.

ಆ ಗಿಡದ ಬೀಜ ಇನ್ನೆಲ್ಲೂ ಇಲ್ಲ. ಒಂದು ಸಸಿ ಬೇಕಾಗಿತ್ತು. ಅದಿಲ್ಲದೆ ಅವನು ಇನ್ನು ಹೊಲಕ್ಕೆ ಇಳಿಯುವುದಿಲ್ಲ. ಅವನಿಗೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ.

ನಾಳೆಯಿಂದ ಪರೀಕ್ಷೆಯ ಕೆಲಸಕ್ಕೆ ಸಿಂದಗಿಗೆ ಹಾಕಿದ್ದಾರೆ. ಉತ್ತರವನ್ನು ಅಲ್ಲಿಯ ಕಾಲೇಜಿಗೆ ಬರೆಯಿರಿ.

ಸುನಂದಾ

~

ಇಂಡಿ
16 ಏಪ್ರಿಲ್ 2003

ಸುನಂದಾ,

ನಿನ್ನ ಪತ್ರ ಬಂದಾಗ ನಾನು ನರ್ಸರಿಯಲ್ಲಿದ್ದೆ. ಓದಿ ಅಲ್ಲಿಯೇ ಕುಳಿತೆ. ಆ ಲೇಖನ ಬರೆದ ದಿನ ಎಷ್ಟು ಖುಷಿಯಲ್ಲಿದ್ದೆ ಎಂದು ನಿನಗೆ ಗೊತ್ತು. ದಾರಿಯನ್ನು ಅಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಅದರ ಬಗ್ಗೆ ಈಗ ಹೆಚ್ಚು ಬರೆಯಲಾರೆ. ಬೇರೆಯದೊಂದನ್ನು ಬರೆಯಬೇಕಾಗಿದೆ, ಅದನ್ನು ಓದು.

ಸತ್ತ ಚೀಲಗಳನ್ನೆಲ್ಲ ಒಂದೊಂದಾಗಿ ಎತ್ತಿ ಉಗುರಿನಿಂದ ಕಡ್ಡಿ ಕೆರೆದು ನೋಡಿದೆ. ಎಲ್ಲೂ ಹಸಿರಿಲ್ಲ. ಸಾಲಿನ ಕೊನೆಯಲ್ಲಿ ಒಂದು ಚೀಲ ಉರುಳಿ ತಾಯಿ ಲಿಂಬೆಯ ಪಾತಿಗೆ ಬಿದ್ದಿತ್ತು. ಯಾವಾಗ ಬಿತ್ತೋ, ಲಿಂಬೆಯ ಒಣಗಿದ ಎಲೆ ಅದರ ಮೇಲೆ ಮುಚ್ಚಿಕೊಂಡಿದ್ದವು. ಎಲೆ ಸರಿಸಿದೆ. ಒಳಗಿನ ಸಸಿ ಹಸಿರಾಗಿತ್ತು. ಬರೀ ಹಸಿರಲ್ಲ, ತುದಿಯಲ್ಲಿ ಎಳೆಗೆಂಪು ಚಿಗುರು ಕೂಡ. ಅದಕ್ಕೆ ತೊಗರಿಯಿರಲಿಲ್ಲ. ತೊಗರಿಯನ್ನು ನಾನೇ ಕಿತ್ತಿದ್ದೆ, ಮತ್ತೆ ಊರುವಾಗ ಈ ಚೀಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎತ್ತಲು ಹೋದೆ, ಬರಲಿಲ್ಲ. ನೆಲ ಹಿಡಿದುಕೊಂಡಿತ್ತು. ಕುರ್ಪಿ ಮುಟ್ಟಲು ಧೈರ್ಯವಾಗದೆ ಬೆರಳಿನಿಂದಲೇ ಮಣ್ಣು ಬಿಡಿಸಿದೆ. ಚೀಲದ ತಳದ ತೂತಿನಿಂದ ದಾರದಂಥ ಒಂದು ಬೇರು ಹೊರಬಿದ್ದು ಪಾತಿಯ ಮಣ್ಣಿಗೆ ಇಳಿದಿತ್ತು. ಅದನ್ನೇ ಹಿಂಬಾಲಿಸಿಕೊಂಡು ಹೋದೆ. ಒಂದು ಗೇಣು ಹೋದ ಮೇಲೆ ಲಿಂಬೆಯ ಬೇರು ಸಿಕ್ಕಿತು. ಆ ದಾರ ಅದಕ್ಕೆ ಒತ್ತಿಕೊಂಡಿತ್ತು. ಒತ್ತಿಕೊಂಡ ಜಾಗದಲ್ಲಿ ಸಣ್ಣ ಬಿಳಿಯ ಗಂಟು, ಕರು ಕೆಚ್ಚಲಿಗೆ ಬಾಯಿ ಹಚ್ಚಿದ ಹಾಗೆ. ಒಂದಲ್ಲ, ಮುಂದೆ ಇನ್ನೊಂದು, ಅದರಾಚೆ ಮತ್ತೊಂದು.

ನಾನು ಹುಟ್ಟಿದ್ದು ಹೊಲದಲ್ಲಿ. ಈ ವಯಸ್ಸಿನವರೆಗೆ ಮಣ್ಣನ್ನು ಅಗೆದಿದ್ದೇನೆ, ಹೊತ್ತಿದ್ದೇನೆ, ಮಾರಿದ್ದೇನೆ. ಅದರೊಳಗೆ ಹೀಗೊಂದು ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಕಣ್ಣಿಲ್ಲದ ಒಂದು ಬೇರು ಕತ್ತಲಲ್ಲಿ ಇನ್ನೊಂದು ಬೇರನ್ನು ಹುಡುಕಿಕೊಂಡು ಹೋಗುತ್ತದೆ, ಅದು ಕೊಡುತ್ತದೆ. ನಾನು ಮೇಲೆ ಕುಳಿತು ಕಸ ಕಿತ್ತು ಶಾಭಾಸ್ ಅನ್ನಿಸಿಕೊಳ್ಳಲು ಪತ್ರ ಬರೆಯುತ್ತಿದ್ದಾಗ ಅದು ನಡೆದೇ ಇತ್ತು. ಸುನಂದಾ, ಮಣ್ಣು ಮುಚ್ಚಿ ಕೈ ಮುಗಿದೆ. ಇನ್ನೇನು ಮಾಡಬೇಕೆಂದು ತಿಳಿಯಲಿಲ್ಲ.

ಈಗ ಏನು ಮಾಡಲಿ? ನೀನು ಹೇಳುವ ತನಕ ಮುಟ್ಟುವುದಿಲ್ಲ.

ಸಿದ್ದಾರೂಢ

~

ಸಿಂದಗಿ
20 ಏಪ್ರಿಲ್ 2003

ಸಿದ್ದಾರೂಢ ಅವರಿಗೆ,

ನಿಮ್ಮ ಪತ್ರವನ್ನು ಪರೀಕ್ಷಾ ಕೋಣೆಯಲ್ಲಿ ನಿಂತೇ ಓದಿದೆ. ಆ ಹೊತ್ತಿನಲ್ಲಿ ಹುಡುಗರು ಏನು ನಕಲು ಮಾಡಿದರೋ ದೇವರೇ ಬಲ್ಲ.

ನಿಮಗೆ ಒಂದು ಮಾತು ಹೇಳಲೇ? ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಕಲಿಸಿದವಳು ನಾನು, ಆ ಗಂಟನ್ನು ನೋಡಿದ್ದು ಮಾತ್ರ ಕಾಲೇಜಿನ ಸ್ಪಿರಿಟ್ ಬಾಟಲಿಯಲ್ಲಿ, ಬಣ್ಣಗೆಟ್ಟು ತೇಲುವ ತುಂಡು. ಜೀವಂತವಾಗಿ, ಮಣ್ಣಿನಲ್ಲಿ ಹಿಡಿದುಕೊಂಡದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಕರುವಿನ ಬಾಯಿ ಎಂದು ಬರೆದಿದ್ದೀರಿ. ಮುಂದಿನ ವರ್ಷದಿಂದ ತರಗತಿಯಲ್ಲಿ ಅದನ್ನೇ ಹೇಳುತ್ತೇನೆ.

ಅದನ್ನು ಈಗ ಎಳೆಯಬೇಡಿ. ಬಿದ್ದಲ್ಲೇ ಇರಲಿ. ಚೀಲದ ಮಗ್ಗುಲು ಸೀಳಿ, ಸುತ್ತಲಿನ ನೆಲದಲ್ಲಿ ತೊಗರಿ ಊರಿ. ಮುಂಗಾರಿನ ಹೊತ್ತಿಗೆ ಗಂಧ ತೊಗರಿಯನ್ನೂ ಹಿಡಿದಿರುತ್ತದೆ. ಆಗ ಲಿಂಬೆಯ ಬೇರನ್ನು ಕತ್ತರಿಸಿ, ತೊಗರಿಯ ಸಮೇತ ಮಣ್ಣಿನ ದೊಡ್ಡ ಹೆಂಟೆಯಾಗಿ ಎತ್ತಬಹುದು. ಅಲ್ಲಿಯ ತನಕ ಅದರ ಹತ್ತಿರ ಕುರ್ಪಿ ಕಾಣಿಸಬಾರದು.

ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ಎಲೆ ಎಷ್ಟು ಬಂದಿವೆ, ನಿಜವಾಗಿ ಎಣಿಸಿ ಬರೆಯಿರಿ. ಈ ಸಲ ನಿಜ ಹೇಳಬೇಕು.

ನಿಮ್ಮ
ಸುನಂದಾ

~

ಗೊಳಸಂಗಿ
9 ಜುಲೈ 2003

ಪ್ರೀತಿಯ ಸುನಂದಾ,

ವಿಳಾಸ ನೋಡಿ ಬೆಚ್ಚಬೇಡ. ನೀನು ಬರುವ ಭಾನುವಾರದ ತನಕ ಕಾಯಬೇಕೆಂದಿದ್ದೆ. ಆದರೆ ಮೊನ್ನೆ ಹದವಾದ ಮಳೆ ಬಿತ್ತು, ನಮ್ಮ ಸಸಿ ಸಾಗಿಸುವ ಗೈಬುಸಾಬನ ಟೆಂಪೊ ಈ ಕಡೆ ಖಾಲಿ ಬರುತ್ತಿತ್ತು. ರಜೆ ಹಾಕಿ ಹತ್ತಿದೆ. ನಿಜ ಹೇಳಬೇಕೆಂದರೆ, ನೀನು ಜೊತೆಗಿದ್ದರೆ ನಿನ್ನ ಬೆನ್ನ ಹಿಂದೆ ಅಡಗಿಕೊಳ್ಳುತ್ತಿದ್ದೆ. ಮಾವನ ಎದುರಿಗೆ ಒಬ್ಬನೇ ನಿಲ್ಲಬೇಕಾಗಿತ್ತು.

ಹೆಂಟೆಯನ್ನು ಗೋಣಿಯಲ್ಲಿ ಸುತ್ತಿ ಇಂಡಿಯಿಂದ ಇಲ್ಲಿಯ ತನಕ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮಾವ ಕಟ್ಟೆಯ ಮೇಲೆಯೇ ಕುಳಿತಿದ್ದರು. ಗೋಣಿ ಬಿಚ್ಚಿ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿದರು. ಒಂದು ಎಲೆಯನ್ನು ಹಿಂದೆ ಮುಂದೆ ಮಾಡಿ ನೋಡಿದರು. ಆಮೇಲೆ ಒಳಗೆ ಹೋಗಿ ಗುದ್ದಲಿ ತಂದು ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟರು. ಗುರಲಿಂಗಪ್ಪ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡ. ನಾನು ಸಸಿ ಹೊತ್ತು ಅವರ ಹಿಂದೆ ಹೋದೆ.

ಬಾವಿಯ ದಾರಿಯಲ್ಲಿ ಧೈರ್ಯ ಮಾಡಿ ಲೇಖನದ ಮಾತು ತೆಗೆದೆ. ಅವರು ತಿರುಗದೆಯೇ, "ಚಲೋ ಬರದಿದ್ರಿ" ಎಂದರು. ನಾನು ಸಸಿಯನ್ನು ಎದೆಗವಚಿಕೊಂಡು ಹಿಂದೆಯೇ ನಡೆದೆ.

ತಗ್ಗಿನ ಹತ್ತಿರ ಹೋದ ಮೇಲೆ ಅವರು ಗುದ್ದಲಿ ಕೆಳಗಿಟ್ಟರು. ಅಲ್ಲೇ ಹಚ್ಚೋಣವೆಂದರು. ಹಚ್ಚುವ ಮೊದಲು ನಾನು ಹೆಂಟೆಯ ಅಂಚನ್ನು ಒಂದಿಷ್ಟು ಬಿಡಿಸಿ, ಗಂಧದ ಬೇರು ತೊಗರಿಯನ್ನು ಹಿಡಿದುಕೊಂಡದ್ದನ್ನು ತೋರಿಸಿದೆ. ನೀನು ನನಗೆ ಬರೆದದ್ದನ್ನೆಲ್ಲ ಹೇಳಿದೆ. ಮಾವ ಕುಕ್ಕರಗಾಲಿನಲ್ಲಿ ಕುಳಿತು ಕನ್ನಡಕ ಹಾಕಿಕೊಂಡು ನೋಡಿದರು. ಬೆರಳು ತಂದರು, ಮುಟ್ಟಲಿಲ್ಲ. ಆಮೇಲೆ ಕೇಳಿದರು: "ಅಂದ್ರ ನಮ್ಮ ದೊಡ್ಡ ಗಿಡ ಯಾರ್ನ ಹಿಡಕೊಂಡಿತ್ತು?"

ನಾನು ಸುತ್ತ ನೋಡಿದೆ. ಹತ್ತಿರ ಇದ್ದದ್ದು ಒಂದೇ ಗಿಡ, ಆ ಸೊಟ್ಟ ಹೊಂಗೆ, ನಮ್ಮ ಕಡೆ ಹುಲಗಲ ಅನ್ನುತ್ತೇವಲ್ಲ, ಅದು. ನೀನೂ ನೋಡಿರುತ್ತೀ, ಯಾರೂ ಅದನ್ನು ಗಿಡವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾವ ತಗ್ಗಿಗೆ ಇಳಿದು ಹೊಂಗೆಯ ಕಡೆಯ ಮಗ್ಗುಲನ್ನು ಕೈಯಿಂದ ಕೆರೆಯತೊಡಗಿದರು. ನಾನೂ ಇಳಿದೆ. ಹೊಂಗೆಯ ಬೇರು ಸಿಕ್ಕಿತು. ಅದರ ಮೈತುಂಬ ಗಂಟು, ಒಣಗಿ ಕಪ್ಪಾದ ದೊಡ್ಡ ದೊಡ್ಡ ಗಂಟು. ಕಳ್ಳರು ಗಂಧದ ಬೇರನ್ನು ಎಳೆದುಕೊಂಡು ಹೋಗಿದ್ದರು, ಹಿಡಿತ ಇಲ್ಲಿ ಉಳಿದಿತ್ತು. ಆ ತಗ್ಗಿನಲ್ಲಿ ಇಬ್ಬರೂ ಮೊಣಕಾಲೂರಿ ಅದನ್ನೇ ನೋಡುತ್ತ ಕುಳಿತೆವು.

"ಇದು ಮ್ಯಾಲ ಏಳವಲ್ದು ಅಂತ ಬೈಕೋತ ಬಂದೇನಿ," ಎಂದರು ಮಾವ. "ಕಡದು ಒಗೀಬೇಕಂತ ಎಷ್ಟು ಸಲ ಕೊಡ್ಲಿ ತಂದಿದ್ದೆ. ಗಂಧಾನ ನಾನೇ ಸಾಕೇನಿ ಅಂತ ಊರೆಲ್ಲಾ ಹೇಳ್ಕೊಂಡು ಅಡ್ಡಾಡಿದೆ."

ಸಸಿ ಹಚ್ಚಿದೆವು. ಹೊಂಗೆಗೆ ಸಮೀಪವಾಗಿ, ಅದರ ಬೇರು ಸಿಗುವ ಕಡೆ ಅವರೇ ಜಾಗ ಮಾಡಿ ಹಚ್ಚಿದರು. ನಾನು ಬಾವಿಯಿಂದ ಒಂದು ಕೊಡ ನೀರು ತಂದು ಸಸಿಯ ಬುಡಕ್ಕೆ ಬಗ್ಗಿಸಲು ಹೋದೆ. ಮಾವ ಕೊಡದ ಬಾಯಿಗೆ ಕೈ ಅಡ್ಡ ಹಿಡಿದರು.

"ಮೊದಲ ಅದಕ್ಕ ಹಾಕ್ರಿ" ಎಂದು ಹೊಂಗೆಯನ್ನು ತೋರಿಸಿದರು.

ಹಾಕಿದೆ. ಇನ್ನೊಂದು ಕೊಡ ತರಲು ಅವರೇ ಬಾವಿಯ ಕಡೆ ನಡೆದರು.

ನಿನ್ನ
ಸಿದ್ದಾರೂಢ